ಬಂದರಿಲ್ಲದ ದಿನ: ಕಡಲ ಪ್ರಯಾಣದ ಬಗ್ಗೆ ಕೊಡಗಿನ ಓದುಗರ ಪ್ರಶ್ನೆಗಳು

ಪ್ರವಾಸದ ಕುರಿತ ಈ ಅಂಕಣಕ್ಕೆ ಕಳೆದ ಎರಡು ತಿಂಗಳಲ್ಲಿ ಕೊಡಗಿನಿಂದ ಬಂದ ಪತ್ರಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ, ಹೆಚ್ಚಿನವು ಕ್ರೂಸ್ ಹಡಗಿನ ಪ್ರಯಾಣಕ್ಕೆ, ಅದರಲ್ಲೂ ಹಡಗು ಯಾವ ಬಂದರಿಗೂ ತಾಗದೆ ಇಡೀ ಹಗಲು ನೀರಿನ ಮೇಲೆಯೇ ಸಾಗುವ ಆ ಒಂದು ದಿನಕ್ಕೆ ಸಂಬಂಧಿಸಿದ್ದವು. ಹಡಗಿನವರು ಅದನ್ನು ‘ಸೀ ಡೇ’ ಎನ್ನುತ್ತಾರೆ. ಬೆಟ್ಟದ ಜನರಾದ ನಮಗೆ ಕಡಲೆಂದರೆ ಪಣಂಬೂರಿನಲ್ಲೋ ಪಯ್ಯಾಂಬಲದಲ್ಲೋ ಸಂಜೆಯ ಹೊತ್ತು ಕಾಲು ನೆನೆಸಿ ಬರುವ ಜಾಗವೇ ಹೊರತು ಒಂದು ಹಗಲನ್ನು ಪೂರ್ತಿಯಾಗಿ ಕಳೆಯುವ ಜಾಗವಲ್ಲ. ಪ್ರಶ್ನೆಗಳ ಹಿಂದಿದ್ದ ಅಳುಕೂ ಅದೇ. ಮಡಿಕೇರಿಯಿಂದ ಹೊರಟು ಅಂತಹ ಪ್ರಯಾಣವನ್ನು ಎರಡು ಸಲ ಮಾಡಿದ ಅನುಭವದಿಂದ ಇಲ್ಲಿ ಉತ್ತರಿಸಿದ್ದೇನೆ.

ಪ್ರಶ್ನೆ: ನಮ್ಮ ಯಜಮಾನರು ಕಾಫಿ ಬೆಳೆಗಾರರು. ಮದುವೆಯಾಗಿ ಮೂವತ್ತು ವರ್ಷಗಳಲ್ಲಿ ಅವರು ಮನೆಯಲ್ಲಿದ್ದ ಯಾವ ದಿನವೂ ತೋಟ ಸುತ್ತದೆ ಕುಳಿತದ್ದನ್ನು ನಾನು ನೋಡಿಲ್ಲ. ಮಗಳು ಮತ್ತು ಅಳಿಯ ಸೇರಿ ನಮಗಾಗಿ ಮುಂಬೈಯಿಂದ ಕೊಚ್ಚಿಗೆ ಹೋಗುವ ಕ್ರೂಸ್ ಹಡಗಿನಲ್ಲಿ ಟಿಕೆಟ್ ಕಾದಿರಿಸಿದ್ದಾರೆ. ನಡುವೆ ಒಂದು ಇಡೀ ದಿನ ಎಲ್ಲಿಯೂ ಇಳಿಯಲಿಕ್ಕಿಲ್ಲವೆಂದು ತಿಳಿದ ಮೇಲೆ ಇವರು “ಕಟ್ಟಿಹಾಕಿದ ಎತ್ತಿನ ಹಾಗೆ ಅಲ್ಲಿ ಕೂತು ಏನು ಮಾಡಲಿ, ನೀನು ತಂಗಿಯನ್ನು ಕರೆದುಕೊಂಡು ಹೋಗು” ಎನ್ನುತ್ತಿದ್ದಾರೆ. ಅವರನ್ನು ಒಪ್ಪಿಸುವುದು ಹೇಗೆ?
— ಗೃಹಿಣಿ, ಗೋಣಿಕೊಪ್ಪಲು

ಉತ್ತರ: ಆ ದಿನ ಏಕೆ ಬರುತ್ತದೆ ಎಂಬುದನ್ನು ಮೊದಲು ಹೇಳಿದರೆ ಅವರ ಅರ್ಧ ಅಸಮಾಧಾನ ಇಳಿಯಬಹುದು. ಮುಂಬೈಗೂ ಕೊಚ್ಚಿಗೂ ಕಡಲ ದಾರಿಯಲ್ಲಿ ಸುಮಾರು 580 ನಾಟಿಕಲ್ ಮೈಲಿ ದೂರವಿದೆ. ಒಂದು ನಾಟಿಕಲ್ ಮೈಲಿಯೆಂದರೆ 1.852 ಕಿಲೋಮೀಟರ್, ಹಾಗಾಗಿ ಅದು ಸಾವಿರ ಕಿಲೋಮೀಟರಿಗಿಂತ ಹೆಚ್ಚು. ಹಡಗು ಗಂಟೆಗೆ 30 ಕಿಲೋಮೀಟರ್ ವೇಗದಲ್ಲಿ ಎಲ್ಲಿಯೂ ನಿಲ್ಲದೆ ಸಾಗಿದರೂ 36 ಗಂಟೆ ಬೇಕು. ಸಂಜೆ ಐದಕ್ಕೆ ಮುಂಬೈ ಬಿಟ್ಟರೆ ಕೊಚ್ಚಿ ಸಿಗುವುದು ಮೂರನೆಯ ದಿನದ ನಸುಕಿನಲ್ಲಿ. ನಡುವಿನ ಹಗಲು ಯಾರೋ ಹೊತ್ತು ಕಳೆಯಲೆಂದು ಸೇರಿಸಿದ್ದಲ್ಲ, ದೂರದಿಂದಾಗಿ ಬಂದದ್ದು.

ಹಿಂದೆ ಹಡಗೇರಿದವರಿಗೆ ಎಲ್ಲ ದಿನಗಳೂ ಇಂತಹವೇ ಆಗಿದ್ದವು. ಕೊಡಗಿನ ಕೊನೆಯ ಅರಸ ಚಿಕ್ಕವೀರರಾಜೇಂದ್ರ ತನ್ನ ಮಗಳು ಗೌರಮ್ಮನನ್ನು ಕರೆದುಕೊಂಡು ಇಂಗ್ಲೆಂಡ್ ತಲುಪಿದ್ದು 1852ರಲ್ಲಿ. ದಾರಿಯನ್ನು ಚಿಕ್ಕದಾಗಿಸಿದ ಸೂಯೆಜ್ ಕಾಲುವೆ ತೆರೆದದ್ದು ಅದಾದ ಮೇಲೆ, 1869ರಲ್ಲಿ. ನೀರನ್ನೇ ನೋಡುತ್ತಾ ವಾರಗಟ್ಟಲೆ ಕುಳಿತಿರುವುದು ಆ ಕಾಲದವರಿಗೆ ವಿಹಾರವಾಗಿರಲಿಲ್ಲ, ಬೇರೆ ದಾರಿಯೇ ಇರಲಿಲ್ಲ. 1958ರಲ್ಲಿ ಜೆಟ್ ವಿಮಾನಗಳು ಅಟ್ಲಾಂಟಿಕ್ ಸಾಗರದ ಮೇಲೆ ಪ್ರಯಾಣಿಕರನ್ನು ಒಯ್ಯತೊಡಗಿದ ಮೇಲೆ, ಜನರನ್ನು ದಡದಿಂದ ದಡಕ್ಕೆ ಮುಟ್ಟಿಸುವ ಕೆಲಸವನ್ನು ಕಳೆದುಕೊಂಡ ಹಡಗು ಕಂಪನಿಗಳು, ಹಿಂದೆ ಅನಿವಾರ್ಯವಾಗಿದ್ದ ಆ ಬಿಡುವನ್ನೇ ಬೆಲೆ ಕಟ್ಟಿ ಮಾರಲು ಕಲಿತವು.

ಆದರೆ ಬಿಡುವನ್ನು ಮಾರುವವರಿಗೆ ನಾವು ನಿಜವಾಗಿಯೂ ಬಿಡುವಾಗಿ ಕುಳಿತರೆ ಲಾಭವಿಲ್ಲ. ಹಿಂದಿನ ರಾತ್ರಿಯೇ ಕ್ಯಾಬಿನ್ನಿನ ಬಾಗಿಲಡಿಯಿಂದ ಮರುದಿನದ ಕಾರ್ಯಕ್ರಮ ಪಟ್ಟಿಯೊಂದು ಒಳಗೆ ಬಂದು ಬೀಳುತ್ತದೆ. ನನ್ನ ಮೊದಲ ಪ್ರಯಾಣದಲ್ಲಿ ನಾನು ಆ ಪಟ್ಟಿಯನ್ನು ಪೆನ್ಸಿಲ್ ಹಿಡಿದು ಓದಿ, ಏಳಕ್ಕೆ ಯೋಗ, ಹತ್ತಕ್ಕೆ ಹೌಸಿ, ಹನ್ನೊಂದಕ್ಕೆ ನೃತ್ಯದ ಪಾಠ, ಮೂರಕ್ಕೆ ‘ಉಚಿತ ಆರೋಗ್ಯ ಉಪನ್ಯಾಸ’ ಎಂದು ಗುರುತು ಹಾಕಿಕೊಂಡು ಒಂದರಿಂದ ಇನ್ನೊಂದಕ್ಕೆ ಓಡಾಡಿದೆ. ಉಪನ್ಯಾಸವೆಂದದ್ದು ಮಸಾಜು ಮತ್ತು ತೈಲಗಳ ವ್ಯಾಪಾರವಾಗಿತ್ತು. ರಾತ್ರಿ ಮಲಗುವಾಗ ಯೋಚಿಸಿದರೆ, ಆ ದಿನ ಕಡಲನ್ನು ನೋಡಿದ್ದು ಲಿಫ್ಟಿಗೆ ಕಾಯುತ್ತಾ ನಿಂತಿದ್ದಾಗ ಗಾಜಿನ ಆಚೆಗೆ ಮಾತ್ರ. ಆದ್ದರಿಂದ ಪಟ್ಟಿಯಿಂದ ಒಂದನ್ನು, ಹೆಚ್ಚೆಂದರೆ ಎರಡನ್ನು ಆರಿಸಿಕೊಂಡು ಉಳಿದದ್ದನ್ನು ಮಡಚಿಡಿ ಎಂಬುದು ನನ್ನ ಸಲಹೆ.

ನಿಮ್ಮ ಯಜಮಾನರಂತಹವರಿಗೆ ಹಡಗಿನಲ್ಲಿ ಅತ್ಯುತ್ತಮವಾದ ಹೊತ್ತು ಬೆಳಗಿನ ಆರು ಗಂಟೆ. ಉಳಿದವರು ಏಳುವ ಮೊದಲು, ಡೆಕ್ಕನ್ನು ನೀರು ಹಾಕಿ ತೊಳೆಯುತ್ತಿರುವಾಗ, ಕಟಕಟೆಯ ಪಕ್ಕದಲ್ಲಿ ನಡೆಯಬಹುದು; ಅನೇಕ ಹಡಗುಗಳಲ್ಲಿ ಎಷ್ಟು ಸುತ್ತು ಬಂದರೆ ಎಷ್ಟು ದೂರವಾಯಿತೆಂದು ಫಲಕವನ್ನೂ ಹಾಕಿರುತ್ತಾರೆ. ತೋಟ ಸುತ್ತಿದ ಕಾಲಿಗೆ ಅಷ್ಟು ಸಿಕ್ಕಿದರೆ ಮನಸ್ಸು ಅರ್ಧ ತಣಿಯುತ್ತದೆ. ಮುಂಬೈಯಿಂದ ತೆಂಕಣಕ್ಕೆ ಹೋಗುವ ಹಡಗಿನ ಬಲಬದಿ ಪಡುವಣಕ್ಕೆ ಮುಖ ಮಾಡಿರುವುದರಿಂದ ಬೆಳಿಗ್ಗೆ ಆ ಬದಿಯಲ್ಲಿ ನೆರಳು, ಮಧ್ಯಾಹ್ನದ ನಂತರ ಎಡಬದಿಯಲ್ಲಿ ನೆರಳು. ಇಷ್ಟು ತಿಳಿದಿದ್ದರೆ, ನಸುಕಿನಲ್ಲೇ ಕುರ್ಚಿಯ ಮೇಲೆ ಟವೆಲ್ ಹಾಸಿ ಜಾಗ ಹಿಡಿದು ಮತ್ತೆ ಮಲಗಲು ಹೋಗುವ ಮಹನೀಯರೊಡನೆ ಈಜುಕೊಳದ ಬಳಿ ಜಗಳವಾಡಬೇಕಾಗಿಲ್ಲ. ಕೊಳದಿಂದ ದೂರ, ಕೆಳಗಿನ ಡೆಕ್ಕಿನ ನೆರಳಿನ ಬದಿಯಲ್ಲಿ ಕುರ್ಚಿಗಳು ಸಾಮಾನ್ಯವಾಗಿ ಖಾಲಿಯೇ ಇರುತ್ತವೆ. ಹಾರುಮೀನುಗಳು ನೀರಿನಿಂದ ಚಿಮ್ಮಿ ಅಷ್ಟು ದೂರ ಹಾರಿ ಮತ್ತೆ ಮುಳುಗುವುದನ್ನು, ಅದೃಷ್ಟವಿದ್ದರೆ ಡಾಲ್ಫಿನ್‌ಗಳನ್ನು ನಾನು ನೋಡಿದ್ದು ಅಂತಹ ಕುರ್ಚಿಯಲ್ಲಿ ಕುಳಿತೇ.

ಮಧ್ಯಾಹ್ನ ಹನ್ನೆರಡರ ಸುಮಾರಿಗೆ ಕ್ಯಾಪ್ಟನ್ ಧ್ವನಿವರ್ಧಕದಲ್ಲಿ ಹಡಗು ಎಲ್ಲಿದೆ, ವೇಗವೆಷ್ಟು, ಗಾಳಿ ಯಾವ ಕಡೆಯದು, ಕೆಳಗೆ ಕಡಲು ಎಷ್ಟು ಆಳ ಎಂದು ಹೇಳುವ ಪದ್ಧತಿ ಬಹಳ ಹಡಗುಗಳಲ್ಲಿದೆ. ದಿನವೂ ಮಳೆಯನ್ನು ಇಂಚು ಮತ್ತು ಸೆಂಟುಗಳಲ್ಲಿ (ಇಂಚಿನ ನೂರರಲ್ಲೊಂದು ಭಾಗ) ಅಳೆದು ಪುಸ್ತಕದಲ್ಲಿ ಬರೆದಿಡುವ ಬೆಳೆಗಾರರಿಗೆ ಇದು ರುಚಿಸದೆ ಇರಲಾರದು. ಒಂದು ಸಣ್ಣ ನೋಟ್ ಪುಸ್ತಕವನ್ನು ಅವರ ಕೈಗೆ ಕೊಟ್ಟು, ಈ ಲೆಕ್ಕ ಬರೆಯುವ ಹೊಣೆ ಅವರದೆಂದು ಹೇಳಿಬಿಡಿ. ತಂಗಿಯನ್ನು ಕರೆದುಕೊಂಡು ಹೋಗುವ ಅಗತ್ಯ ಬೀಳುವುದಿಲ್ಲ.

ಒಂದು ಮಾತನ್ನು ಇದರೊಡನೆ ಸೇರಿಸಬೇಕು. ನಮಗೆ ಬಿಡುವಾದ ಈ ದಿನವೇ ಹಡಗಿನ ಅಡುಗೆಮನೆಗೆ ಮತ್ತು ಡೆಕ್ಕಿನ ಕೆಲಸಗಾರರಿಗೆ ಅತಿ ಹೆಚ್ಚು ದುಡಿಮೆಯ ದಿನ, ಏಕೆಂದರೆ ಬಂದರಿನಲ್ಲಿ ಅರ್ಧ ಜನ ಊರು ನೋಡಲು ಇಳಿದಿರುತ್ತಾರೆ, ಇಂದು ಎಲ್ಲರೂ ಹೊತ್ತು ಹೊತ್ತಿಗೆ ಊಟಕ್ಕೆ ಹಾಜರು. 2006ರ ಕಡಲ ಕಾರ್ಮಿಕರ ಅಂತರರಾಷ್ಟ್ರೀಯ ಒಪ್ಪಂದದ ಪ್ರಕಾರ ಹಡಗಿನ ನೌಕರರಿಗೆ ದಿನಕ್ಕೆ ಕನಿಷ್ಠ 10 ಗಂಟೆ, ವಾರಕ್ಕೆ 77 ಗಂಟೆ ವಿಶ್ರಾಂತಿ ಸಿಗಬೇಕು. ಅಂದರೆ ಉಳಿದ ಹೊತ್ತು ದುಡಿಸಿಕೊಳ್ಳಲು ಅವಕಾಶವಿದೆ ಎಂದೂ ಆಯಿತು. ತೋಟದಲ್ಲಿ ಆಳುಗಳೊಡನೆ ದುಡಿದು ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕ್ಯಾಬಿನ್ ಗುಡಿಸುವ ಹುಡುಗನ ಹೆಸರನ್ನು ಮೊದಲ ದಿನವೇ ಕೇಳಿಟ್ಟುಕೊಳ್ಳಿ.

ಪ್ರಶ್ನೆ: ನನಗೆ 67 ವರ್ಷ. ಸಂಪಾಜೆ ಘಾಟಿಯಲ್ಲಿ ಬಸ್ಸು ಇಳಿಯುವಾಗ ಇಂದಿಗೂ ಕೈಯಲ್ಲಿ ನಿಂಬೆಹಣ್ಣು ಹಿಡಿದು ಕೂರುವವಳು. ಹಡಗಿನಲ್ಲಿ ಒಂದು ಇಡೀ ದಿನವನ್ನು ವಾಕರಿಕೆಯಲ್ಲಿಯೇ ಕಳೆಯಬೇಕಾದೀತೇ?
— ನಿವೃತ್ತ ಶಿಕ್ಷಕಿ, ಮಡಿಕೇರಿ

ಉತ್ತರ: ಘಾಟಿಯಲ್ಲಿ ತಲೆ ಸುತ್ತುವವರಿಗೆ ಹಡಗಿನಲ್ಲಿಯೂ ಸುತ್ತುವ ಸಾಧ್ಯತೆ ಉಳಿದವರಿಗಿಂತ ಹೆಚ್ಚು ಎಂಬುದನ್ನು ಮುಚ್ಚಿಡುವುದಿಲ್ಲ, ಏಕೆಂದರೆ ಎರಡಕ್ಕೂ ಕಾರಣ ಒಂದೇ. ನಮ್ಮ ಒಳಕಿವಿಯಲ್ಲಿ ದೇಹದ ಚಲನೆಯನ್ನೂ ಸಮತೋಲವನ್ನೂ ತಿಳಿಯುವ ಅಂಗವಿದೆ. ಕಿವಿ “ನಾನು ಅಲುಗಾಡುತ್ತಿದ್ದೇನೆ” ಎಂದು ಹೇಳುವಾಗ, ಮುಚ್ಚಿದ ಕೋಣೆಯೊಳಗೆ ಎದುರಿನ ಗೋಡೆಯನ್ನು ನೋಡುತ್ತಿರುವ ಕಣ್ಣು “ಎಲ್ಲವೂ ನಿಂತೇ ಇದೆ” ಎಂದು ಹೇಳುತ್ತದೆ. ಇಬ್ಬರ ಹೇಳಿಕೆ ಹೊಂದದಿರುವುದೇ ಕಡಲಬೇನೆಯ ಮೂಲ. ಹಾಗಾಗಿ ಮೊದಲ ಔಷಧಿ, ಹೊರಗೆ ಗಾಳಿಗೆ ಬಂದು ದಿಗಂತದ ಗೆರೆಯ ಮೇಲೆ ಕಣ್ಣಿಟ್ಟು ಕುಳಿತುಕೊಳ್ಳುವುದು. ಆಗ ಕಣ್ಣಿಗೂ ಕಿವಿಗೂ ಒಂದೇ ಸುದ್ದಿ ಸಿಗುತ್ತದೆ. ಕೋಣೆಯಲ್ಲಿ ಮಲಗಿ ಮೊಬೈಲ್ ನೋಡುವುದು ಇದಕ್ಕೆ ತದ್ವಿರುದ್ಧವಾದ ಕೆಲಸ.

ಆದರೆ ಘಾಟಿಯ ಬಸ್ಸಿಗೂ ದೊಡ್ಡ ಹಡಗಿಗೂ ಒಂದು ವ್ಯತ್ಯಾಸವಿದೆ. ಬಸ್ಸು ತಿರುವಿಗೊಮ್ಮೆ ಎಳೆದು ಒಗೆದಂತೆ ಮಾಡುತ್ತದೆ. ಹಡಗಿನ ಚಲನೆ ತೊಟ್ಟಿಲಿನದು, ನಿಧಾನವಾದದ್ದು. ಈಗಿನ ಕ್ರೂಸ್ ಹಡಗುಗಳ ಒಡಲಿನ ಎರಡೂ ಬದಿಗಳಲ್ಲಿ, ನೀರಿನ ಮಟ್ಟಕ್ಕಿಂತ ಕೆಳಗೆ, ಸ್ಟೆಬಿಲೈಜರ್ ಎಂಬ ರೆಕ್ಕೆಗಳಿರುತ್ತವೆ. ಮೀನಿನ ಈಜುರೆಕ್ಕೆಯಂತೆ ಹೊರಚಾಚಿ, ಅಲೆ ಬಂದಂತೆ ತಮ್ಮ ಕೋನವನ್ನು ತಾವೇ ಬದಲಿಸಿಕೊಂಡು, ಹಡಗು ಅಕ್ಕಪಕ್ಕಕ್ಕೆ ಓಲುವುದನ್ನು ಅವು ಬಹಳವಾಗಿ ತಗ್ಗಿಸುತ್ತವೆ. ಮುಂದಿನ ತುದಿ ಏರಿ ಇಳಿಯುವುದನ್ನು ಮಾತ್ರ ಅವು ತಡೆಯಲಾರವು. ಆದ್ದರಿಂದಲೇ ಹಡಗಿನ ಉದ್ದದ ನಡುಭಾಗದಲ್ಲಿ, ಆದಷ್ಟು ಕೆಳಗಿನ ಅಂತಸ್ತಿನಲ್ಲಿ ಕ್ಯಾಬಿನ್ ಕೇಳಿ ಪಡೆಯಿರಿ. ತಕ್ಕಡಿಯ ಮುಳ್ಳಿನ ಬಳಿ ಅಲುಗಾಟ ಕಡಿಮೆ, ತಟ್ಟೆಗಳ ಬಳಿ ಹೆಚ್ಚು ಎಂಬಂತೆ ಇದು. ಮೇಲಿನ ಅಂತಸ್ತಿನ ಮುಂಭಾಗದ ಕ್ಯಾಬಿನ್ ಹೆಚ್ಚು ಬೆಲೆಯದಾದರೂ ನಿಮಗೆ ಅದು ಬೇಡ.

ಹೊಟ್ಟೆ ಪೂರ್ತಿ ಖಾಲಿ ಇರುವುದೂ ತುಂಬಿ ಬಿರಿಯುವುದೂ ಎರಡೂ ಕೆಟ್ಟದ್ದು. ಶುಂಠಿಯಿಂದ ಅನೇಕರಿಗೆ ಉಪಶಮನ ಸಿಗುತ್ತದೆ. ಗದ್ದೆಯಲ್ಲಿಯೇ ಶುಂಠಿ ಬೆಳೆಯುವ ಜಿಲ್ಲೆಯವರಾದ ನಾವು ಅದನ್ನು ಸಕ್ಕರೆ ಪಾಕದಲ್ಲಿ ಹಾಕಿ ಡಬ್ಬಿಯಲ್ಲಿ ಒಯ್ಯಲು ನಾಚಬೇಕಾಗಿಲ್ಲ. ಮಾತ್ರೆಗಳು ವಾಕರಿಕೆ ಶುರುವಾದ ಮೇಲೆ ಹೆಚ್ಚು ಕೆಲಸ ಮಾಡುವುದಿಲ್ಲ, ಮೊದಲೇ ತೆಗೆದುಕೊಳ್ಳಬೇಕು. ಅವುಗಳಿಂದ ಮಂಪರು ಬರುತ್ತದೆ, ಮತ್ತು ಗ್ಲಾಕೋಮಾ ಇದ್ದವರಿಗೂ ಪ್ರಾಸ್ಟೇಟ್ ತೊಂದರೆಯ ಗಂಡಸರಿಗೂ ಅವುಗಳಲ್ಲಿ ಕೆಲವು ಆಗಿಬರುವುದಿಲ್ಲ. ನಿಮ್ಮ ವಯಸ್ಸಿನಲ್ಲಿ, ಈಗ ಸೇವಿಸುತ್ತಿರುವ ಔಷಧಿಗಳ ಚೀಟಿಯನ್ನು ವೈದ್ಯರಿಗೆ ತೋರಿಸಿ ಕೇಳದೆ ಅಂಗಡಿಯಿಂದ ಕೊಂಡು ನುಂಗಬೇಡಿ. ಪ್ರಯಾಣ ಮುಗಿದು ಮನೆಗೆ ಬಂದ ಮೇಲೆ ಒಂದೆರಡು ದಿನ ಹಜಾರದ ನೆಲವೇ ತೂಗಿದಂತೆ ಅನಿಸಿದರೆ ಗಾಬರಿಯಾಗಬೇಡಿ. ಅದು ಬಹಳ ಜನರಿಗೆ ಆಗುವಂಥದ್ದು, ತಾನಾಗಿ ಇಳಿಯುತ್ತದೆ.

ಪ್ರಶ್ನೆ: ಹಡಗಿನಲ್ಲಿ ಕಡಲ ದಿನದ ರಾತ್ರಿ ಎಲ್ಲರೂ ವಿಶೇಷ ಉಡುಪು ಧರಿಸಿ ಊಟಕ್ಕೆ ಬರುವ ಕ್ರಮವಿದೆಯಂತೆ. ಸೂಟಿನ ಬದಲು ಕೊಡವರ ಕುಪ್ಯ (ಉದ್ದನೆಯ ನಿಲುವಂಗಿ), ಚೇಲೆ (ನಡುಪಟ್ಟಿ) ತೊಟ್ಟು ಪೀಚೆಕತ್ತಿ ಸಿಕ್ಕಿಸಿಕೊಂಡು ಹೋಗಬೇಕೆಂಬ ಆಸೆ ನನಗೆ. ಅನುಮತಿ ಇದೆಯೇ? ಮನೆಯಲ್ಲಿ ಮಾಡಿದ ವೈನ್ ಎರಡು ಬಾಟಲಿ ಒಯ್ಯಬಹುದೇ?
— ಯುವಕ, ವಿರಾಜಪೇಟೆ

ಉತ್ತರ: ಕುಪ್ಯ, ಚೇಲೆ, ತಲೆಗೆ ಮಂಡೆತುಣಿ (ಪೇಟ) ಇವಕ್ಕೆ ಯಾರ ಅಡ್ಡಿಯೂ ಇಲ್ಲ, ತಮ್ಮ ನಾಡಿನ ಉಡುಪಿನಲ್ಲಿ ಬರುವವರನ್ನು ಅಂತಹ ರಾತ್ರಿಗಳಲ್ಲಿ ಆದರದಿಂದಲೇ ನೋಡುತ್ತಾರೆ, ಮತ್ತು ಬಾಡಿಗೆಯ ಕೋಟು ತೊಟ್ಟ ಹತ್ತು ಜನರ ನಡುವೆ ಕುಪ್ಯ ತೊಟ್ಟವನೊಬ್ಬನು ಎದ್ದು ಕಾಣುವುದರಲ್ಲಿ ಸಂದೇಹವಿಲ್ಲ. ಪೀಚೆಕತ್ತಿಯನ್ನು ಮಾತ್ರ ಮನೆಯಲ್ಲಿ ಬಿಟ್ಟು ಬನ್ನಿ. ಹಡಗೇರುವ ಮುನ್ನ ಸಾಮಾನನ್ನೆಲ್ಲ ವಿಮಾನ ನಿಲ್ದಾಣದಲ್ಲಿ ಮಾಡುವ ಹಾಗೆಯೇ ಎಕ್ಸ್-ರೇ ಯಂತ್ರದಲ್ಲಿ ಹಾಯಿಸುತ್ತಾರೆ. ಹಿಡಿಯ ಬೆಳ್ಳಿಯ ಕೆಲಸವನ್ನು ಮೆಚ್ಚಿಕೊಂಡರೂ ಅಲಗನ್ನು ಕಂಡ ಸಿಬ್ಬಂದಿ ಅದನ್ನು ಒಳಗೆ ಬಿಡುವುದಿಲ್ಲ. ವಶಕ್ಕೆ ತೆಗೆದುಕೊಂಡು ಪ್ರಯಾಣದ ಕೊನೆಗೆ ಹಿಂತಿರುಗಿಸಿದರೆ ಅದೇ ದೊಡ್ಡದು. ಅಜ್ಜನ ಕಾಲದ ಕತ್ತಿಯನ್ನು ಅಂತಹ ಅಪಾಯಕ್ಕೆ ಒಡ್ಡುವುದು ಸರಿಯಲ್ಲ. ಕೊಡವರಿಗೂ ಜಮ್ಮಾ (ವಂಶಪಾರಂಪರ್ಯದ ಜಮೀನಿನ) ಹಿಡುವಳಿದಾರರಿಗೂ ಶಸ್ತ್ರಾಸ್ತ್ರ ಕಾಯ್ದೆಯಲ್ಲಿ ಇರುವ ವಿನಾಯಿತಿಯನ್ನು ಅಲ್ಲಿ ಎತ್ತಿ ವಾದಿಸಿ ಪ್ರಯೋಜನವಿಲ್ಲ, ಹಡಗಿನ ನಿಯಮವೇ ಬೇರೆ. ಭಾಗಮಂಡಲ ಯಾತ್ರೆಗೆ ಒಯ್ಯುವಂತೆ ಇಸ್ತ್ರಿಪೆಟ್ಟಿಗೆಯನ್ನೂ ಒಯ್ಯಬೇಡಿ, ಬೆಂಕಿಯ ಭಯದಿಂದ ಅದಕ್ಕೂ ನಿಷೇಧವಿದೆ. ಕುಪ್ಯವನ್ನು ಮಡಿಕೆ ಕೆಡದಂತೆ ಸುತ್ತಿ ಒಯ್ಯಿರಿ. ವೈನ್ ವಿಷಯದಲ್ಲಿ ಉತ್ತರ ಇನ್ನೂ ಚಿಕ್ಕದು: ಮನೆಯಲ್ಲಿ ಮಾಡಿದ ಮದ್ಯಕ್ಕೆ ಪ್ರವೇಶವಿಲ್ಲ.

ಪ್ರಶ್ನೆ: ಸಾವಿರಾರು ಜನರಿರುವ ಹಡಗಿನಲ್ಲಿ ಒಂದು ದಿನಕ್ಕೆ ಬೇಕಾಗುವ ಸಿಹಿನೀರು ಎಲ್ಲಿಂದ ಬರುತ್ತದೆ? ಕೊಳಚೆಯನ್ನು ಕಡಲಿಗೇ ಬಿಡುತ್ತಾರೆಯೇ?
— ಕಾಲೇಜು ವಿದ್ಯಾರ್ಥಿನಿ, ಪೊನ್ನಂಪೇಟೆ

ಉತ್ತರ: ಸ್ವಲ್ಪ ನೀರನ್ನು ಬಂದರಿನಲ್ಲಿಯೇ ತುಂಬಿಕೊಳ್ಳುತ್ತಾರೆ, ಉಳಿದದ್ದನ್ನು ಕಡಲ ನೀರಿನಿಂದ ತಯಾರಿಸುತ್ತಾರೆ. ಅದಕ್ಕೆ ಎರಡು ದಾರಿಗಳಿವೆ. ಒಂದರಲ್ಲಿ, ಗಾಳಿಯ ಒತ್ತಡವನ್ನು ತಗ್ಗಿಸಿದ ಪಾತ್ರೆಯೊಳಗೆ ಕಡಲ ನೀರನ್ನು ಬಿಟ್ಟು, ಎಂಜಿನ್ ಹೊರಗೆಸೆಯುವ ಬಿಸಿಯಿಂದಲೇ ಅದನ್ನು ಕುದಿಸಿ, ಆವಿಯನ್ನು ತಣಿಸಿ ಹಿಡಿಯುತ್ತಾರೆ. ಒತ್ತಡ ಕಡಿಮೆಯಿದ್ದರೆ ನೀರು ನೂರು ಡಿಗ್ರಿಗಿಂತ ಬಹಳ ಕೆಳಗೇ ಕುದಿಯುತ್ತದೆಂಬುದು ನಿಮಗೆ ಪಾಠದಲ್ಲಿ ಬಂದಿರಬೇಕು. ಇನ್ನೊಂದು ದಾರಿ ರಿವರ್ಸ್ ಆಸ್ಮೋಸಿಸ್, ನಮ್ಮ ಮನೆಗಳ ಗೋಡೆಗೆ ನೇತುಹಾಕಿದ ಶುದ್ಧೀಕರಣ ಯಂತ್ರದ್ದೇ ತತ್ವ, ಗಾತ್ರ ಮಾತ್ರ ದೊಡ್ಡದು. ಬಂದರಿನ ಬಳಿಯ ನೀರು ಕೊಳಕಾಗಿರುವುದರಿಂದ ದಡದಿಂದ ದೂರ ಹೋದ ಮೇಲೆಯೇ ಈ ಕೆಲಸ ನಡೆಯುತ್ತದೆ. ಹಾಗಾಗಿ ಕಡಲ ದಿನವೆಂದರೆ ಹಡಗಿನ ತೊಟ್ಟಿಗಳು ತುಂಬುವ ದಿನವೂ ಹೌದು.

ಕೊಳಚೆಯ ಬಗ್ಗೆ ಮಾರ್ಪೋಲ್ ಎಂಬ ಅಂತರರಾಷ್ಟ್ರೀಯ ಒಪ್ಪಂದವಿದೆ. ಅದರ ಪ್ರಕಾರ ಪ್ಲಾಸ್ಟಿಕ್ಕನ್ನು ಯಾವ ಕಡಲಿನಲ್ಲಿಯೂ, ಎಷ್ಟೇ ದೂರ ಹೋದರೂ ಎಸೆಯುವಂತಿಲ್ಲ. ಶೌಚದ ಕೊಳಚೆಯನ್ನು ಸಂಸ್ಕರಿಸದೆ ಬಿಡಬೇಕಾದರೆ ದಡದಿಂದ 12 ನಾಟಿಕಲ್ ಮೈಲಿ, ಅಂದರೆ ಸುಮಾರು 22 ಕಿಲೋಮೀಟರ್ ಆಚೆಗೆ ಹೋಗಿರಬೇಕು, ಹಡಗು ಚಲಿಸುತ್ತಿರಬೇಕು. ಹೊಸ ಹಡಗುಗಳು ತಮ್ಮಲ್ಲಿಯೇ ಸಂಸ್ಕರಣಾ ಘಟಕವನ್ನು ಇಟ್ಟುಕೊಂಡಿರುತ್ತವೆ. ಇಷ್ಟಾದರೂ ಕ್ರೂಸ್ ಹಡಗನ್ನು ಪರಿಸರಕ್ಕೆ ಹಗುರವಾದ ವಿಹಾರವೆಂದು ಕರೆಯಲು ನಾನು ಸಿದ್ಧನಿಲ್ಲ. ನೀವು ಕುರ್ಚಿಯಲ್ಲಿ ಒರಗಿ ಏನನ್ನೂ ಮಾಡದಿರುವಾಗಲೂ ಕೆಳಗಿನ ಎಂಜಿನ್‌ಗಳು ಹಡಗನ್ನು ಮುಂದೂಡುವುದಲ್ಲದೆ ಸಾವಿರ ದೀಪ, ಏರ್ ಕಂಡೀಷನರ್, ಅಡುಗೆಮನೆ, ಈಜುಕೊಳ ಎಲ್ಲಕ್ಕೂ ವಿದ್ಯುತ್ ಕೊಡುತ್ತಾ ಇಂಧನ ಸುಡುತ್ತಿರುತ್ತವೆ. 2020ರ ಜನವರಿಯಿಂದ ಹಡಗಿನ ಇಂಧನದಲ್ಲಿ ಗಂಧಕದ ಪ್ರಮಾಣ ಶೇ. 0.5 ಮೀರಬಾರದೆಂಬ ನಿಯಮ ಬಂದದ್ದು ಒಳ್ಳೆಯದು, ಆದರೆ ಹೊಗೆ ಹೊಗೆಯೇ.

ಪ್ರಶ್ನೆ: ಆ ದಿನ ತೋಟದ ರೈಟರಿಗೆ (ಉಸ್ತುವಾರಿ ನೋಡಿಕೊಳ್ಳುವವರಿಗೆ) ಫೋನ್ ಮಾಡಲು ಸಾಧ್ಯವಾಗುತ್ತದೆಯೇ?
— ಬೆಳೆಗಾರರು, ಸೋಮವಾರಪೇಟೆ

ಉತ್ತರ: ದಡ ಬಿಟ್ಟು ಸ್ವಲ್ಪ ಹೊತ್ತಿನಲ್ಲೇ ನಮ್ಮ ಟವರ್‌ಗಳ ಸಿಗ್ನಲ್ ಹೋಗುತ್ತದೆ. ಅನಂತರ ಫೋನು ತಾನಾಗಿ ಹಡಗಿನ ಉಪಗ್ರಹ ಜಾಲವನ್ನು ಹಿಡಿದುಕೊಂಡರೆ ರೋಮಿಂಗ್ ಬಿಲ್ಲು ಬಹಳ ದುಬಾರಿಯಾಗುತ್ತದೆ. ಹಡಗೇರಿದ ಕೂಡಲೇ ಏರೋಪ್ಲೇನ್ ಮೋಡಿಗೆ ಹಾಕಿಬಿಡಿ. ಹಣ ಕೊಟ್ಟರೆ ಹಡಗಿನ ವೈಫೈ ಸಿಗುತ್ತದೆ. ರೈಟರಿಗೆ ಹಿಂದಿನ ದಿನವೇ ಎಲ್ಲವನ್ನೂ ಹೇಳಿ ಹೊರಡುವುದು ಇಬ್ಬರಿಗೂ ಕ್ಷೇಮ.

ಪ್ರಶ್ನೆ: ಹೊರಡುವ ಮುನ್ನ ಎಲ್ಲ ಪ್ರಯಾಣಿಕರಿಗೂ ಕವಾಯತು ಮಾಡಿಸುತ್ತಾರಂತೆ. ಸೈನ್ಯದಲ್ಲಿ ಇಪ್ಪತ್ತನಾಲ್ಕು ವರ್ಷ ಅದನ್ನೇ ಮಾಡಿ ಬಂದವನು ನಾನು. ತಪ್ಪಿಸಿಕೊಳ್ಳಬಹುದೇ?
— ನಿವೃತ್ತ ಸುಬೇದಾರರು, ಸಿದ್ದಾಪುರ

ಉತ್ತರ: ತಪ್ಪಿಸಿಕೊಳ್ಳುವಂತಿಲ್ಲ. 1912ರಲ್ಲಿ ಟೈಟಾನಿಕ್ ಮುಳುಗಿದ ಮೇಲೆ 1914ರಲ್ಲಿ ಮೊದಲು ರೂಪುಗೊಂಡ ಸೋಲಾಸ್ ಎಂಬ ಸುರಕ್ಷತಾ ಒಪ್ಪಂದದ ಭಾಗ ಅದು. 2012ರ ಜನವರಿಯಲ್ಲಿ ಇಟಲಿಯ ದಡದಲ್ಲಿ ಕೋಸ್ಟಾ ಕಾಂಕಾರ್ಡಿಯಾ ಹಡಗು ಬಂಡೆಗೆ ತಾಗಿ ಮಗುಚಿದಾಗ, ಆ ದಿನ ಹತ್ತಿದ ನೂರಾರು ಪ್ರಯಾಣಿಕರಿಗೆ ಕವಾಯತು ಇನ್ನೂ ಆಗಿರಲಿಲ್ಲ. ಅನಂತರ ಹಡಗು ಹೊರಡುವ ಮೊದಲೇ ಅಥವಾ ಹೊರಟ ಕೂಡಲೇ ಅದನ್ನು ಮಾಡಿಸಬೇಕೆಂದು ನಿಯಮವನ್ನು ಬಿಗಿಗೊಳಿಸಿದರು. ಏಳು ಗಿಡ್ಡ ಸಿಳ್ಳೆ, ಒಂದು ಉದ್ದ ಸಿಳ್ಳೆ ಕೇಳಿದರೆ ನಿಮಗೆ ಗೊತ್ತುಪಡಿಸಿದ ಜಾಗಕ್ಕೆ ಹೋಗಿ ನಿಲ್ಲಬೇಕು. ಅರ್ಧ ಗಂಟೆಯ ಕೆಲಸ. ಮರುದಿನ ನೀವು ನಿಶ್ಚಿಂತೆಯಿಂದ ಒರಗಿ ಕುಳಿತಿರುವಾಗ ಪಕ್ಕದವರಿಗೆ ದಾರಿ ತೋರಿಸಬಲ್ಲವರು ನೀವೇ ಆಗಿರುತ್ತೀರಿ.

ಪ್ರಶ್ನೆ: ಕಾಫಿ ಕೊಯ್ಲೂ ಕೆಡಬಾರದು, ಕಡಲೂ ಶಾಂತವಾಗಿರಬೇಕು. ಯಾವ ತಿಂಗಳಲ್ಲಿ ಹೋಗುವುದು ಒಳ್ಳೆಯದು?
— ದಂಪತಿ, ಸುಂಟಿಕೊಪ್ಪ

ಉತ್ತರ: ಇದು ನಿಜಕ್ಕೂ ತೊಡಕಿನ ಪ್ರಶ್ನೆ, ಏಕೆಂದರೆ ಅರಬ್ಬೀ ಸಮುದ್ರ ಅತಿ ಶಾಂತವಾಗಿರುವ ತಿಂಗಳುಗಳೇ ನಮಗೆ ಉಸಿರಾಡಲು ಬಿಡುವಿಲ್ಲದ ತಿಂಗಳುಗಳು. ಅರೇಬಿಕಾ ಕೊಯ್ಲು ನವೆಂಬರಿನಿಂದ ಜನವರಿಯವರೆಗೆ, ರೊಬಸ್ಟಾ ಅದರ ಬೆನ್ನಿಗೇ ಮಾರ್ಚಿನ ತನಕ. ಕೊಯ್ಲು ಮುಗಿಯುವ ಮೊದಲೇ ಕಾಫಿ ಹೂ ಅರಳಿಸುವ ಹೂಮಳೆ ಬಂತೋ ಇಲ್ಲವೋ, ಸ್ಪ್ರಿಂಕ್ಲರ್ ಹಾಕಬೇಕೋ ಎಂಬ ಚಿಂತೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತೋಟದಲ್ಲಿ ಒಂದಿಷ್ಟು ಬಿಡುವಿದ್ದರೂ, ಕಕ್ಕಡ ತಿಂಗಳಲ್ಲಿ ನಮ್ಮ ಮಾಡಿನ ಮೇಲೆ ಸುರಿಯುವ ಮಳೆ ಯಾವ ಕಡಲಿನಿಂದ ಎದ್ದು ಬರುತ್ತದೆಯೋ ಆ ಕಡಲಿನ ಮೇಲೆ ವಿಹಾರಕ್ಕೆ ಹೋಗುವುದು ಜಾಣತನವಲ್ಲ.

ಉಳಿಯುವುದು ಎರಡು ಕಿಂಡಿಗಳು. ಏಪ್ರಿಲ್ ತಿಂಗಳಲ್ಲಿ ಕಡಲು ಸಾಮಾನ್ಯವಾಗಿ ಸಮತಟ್ಟಾಗಿಯೇ ಇರುತ್ತದೆ, ಆದರೆ ಡೆಕ್ಕಿನ ಮೇಲೆ ಬೆಟ್ಟದ ಮೈಗೆ ತಡೆಯಲಾಗದ ಸೆಕೆ. ಮೇ ತಿಂಗಳಿಗೆ ಜಾರಿದರೆ, 2021ರ ಮೇ ತಿಂಗಳಲ್ಲಿ ಪಶ್ಚಿಮ ಕರಾವಳಿಯುದ್ದಕ್ಕೂ ಹಾಯ್ದುಹೋದ ತೌಕ್ತೆಯಂತಹ ಚಂಡಮಾರುತದ ಭಯವೂ ಇದೆ. ಇನ್ನೊಂದು, ತುಲಾ ಸಂಕ್ರಮಣ ಮುಗಿದು ಅರೇಬಿಕಾ ಹಣ್ಣಾಗುವ ನಡುವಿನ ಅಕ್ಟೋಬರಿನ ಕೊನೆಯ ಹತ್ತು ಹನ್ನೆರಡು ದಿನಗಳು. ಮಳೆ ತೊಳೆದ ಆಕಾಶ, ಹಗುರವಾದ ಗಾಳಿ, ತೋಟದಲ್ಲಿ ಕಳೆ ತೆಗೆಸುವುದಷ್ಟೇ ಕೆಲಸ. ಆ ಕಾಲದಲ್ಲಿಯೂ ಕೆಲವು ವರ್ಷ ಚಂಡಮಾರುತಗಳು ಏಳುವುದುಂಟು, ಆದ್ದರಿಂದ ಹೊರಡುವ ವಾರ ಹವಾಮಾನ ಇಲಾಖೆಯ ಮುನ್ಸೂಚನೆಯನ್ನು ನೋಡಿಕೊಳ್ಳಿ. ನನ್ನನ್ನು ಕೇಳಿದರೆ ನಾನು ಅಕ್ಟೋಬರನ್ನೇ ಹೇಳುತ್ತೇನೆ.

ಪ್ರಶ್ನೆ: ನಾಲ್ಕೂ ಕಡೆ ನೀರೇ ಇದ್ದರೆ ನೋಡಲು ಏನಿರುತ್ತದೆ? ದಡ ಕಾಣದ ಮೇಲೆ ನಾವು ಎಲ್ಲಿದ್ದೇವೆಂದು ತಿಳಿಯುವುದಾದರೂ ಹೇಗೆ?
— ಪ್ರೌಢಶಾಲೆಯ ಭೂಗೋಳ ಶಿಕ್ಷಕರು, ನಾಪೋಕ್ಲು

ಉತ್ತರ: ನಿಮ್ಮ ಪಾಠಕ್ಕೇ ಸೇರಿದ ಪ್ರಶ್ನೆಯಾದ್ದರಿಂದ ಸ್ವಲ್ಪ ಲೆಕ್ಕದಿಂದ ಆರಂಭಿಸುತ್ತೇನೆ. ನಿಂತ ಎತ್ತರವನ್ನು ಮೀಟರಿನಲ್ಲಿ ತೆಗೆದುಕೊಂಡು, ಅದರ ವರ್ಗಮೂಲವನ್ನು 3.57ರಿಂದ ಗುಣಿಸಿದರೆ ದಿಗಂತ ಎಷ್ಟು ಕಿಲೋಮೀಟರ್ ದೂರವಿದೆಯೆಂದು ತಿಳಿಯುತ್ತದೆ. ನೀರಿನಿಂದ ಮೂವತ್ತು ಮೀಟರ್ ಮೇಲಿರುವ ಡೆಕ್ಕಿನಲ್ಲಿ ನಿಂತವರಿಗೆ ಅದು ಸುಮಾರು 20 ಕಿಲೋಮೀಟರ್. ಇಡೀ ದಿನ ನೀವು ಆ ವೃತ್ತದ ನಡುಬಿಂದುವಾಗಿಯೇ ಇರುತ್ತೀರಿ, ವೃತ್ತವೇ ನಿಮ್ಮೊಡನೆ ಚಲಿಸುತ್ತದೆ. ಇದೇ ಲೆಕ್ಕವನ್ನು 1,748 ಮೀಟರ್ ಎತ್ತರದ ತಡಿಯಂಡಮೋಳಿಗೆ ಹಾಕಿದರೆ ಸುಮಾರು 149 ಕಿಲೋಮೀಟರ್ ಬರುತ್ತದೆ. ಅಂದರೆ ಮೋಡವಿಲ್ಲದ ದಿನ ನಮ್ಮ ಬೆಟ್ಟದ ತುದಿಯಿಂದ ಕಾಣುವ ಕಡಲು, ಕಡಲಿನ ಮೇಲೆಯೇ ಇರುವವರಿಗೆ ಕಾಣುವ ಕಡಲಿಗಿಂತ ಎಷ್ಟೋ ದೊಡ್ಡದು. ಈ ಲೆಕ್ಕವನ್ನು ಮಕ್ಕಳಿಗೆ ಹೇಳಿಕೊಟ್ಟರೆ ಅವರು ಮರೆಯಲಾರರು.

ಹಡಗು ಇರುವ ಜಾಗವನ್ನು ಕ್ಯಾಬಿನ್ನಿನ ಟಿವಿಯ ಒಂದು ಚಾನೆಲ್‌ನಲ್ಲಿ ನಕಾಶೆಯ ಸಹಿತ ತೋರಿಸುವುದುಂಟು, ಮಧ್ಯಾಹ್ನ ಕ್ಯಾಪ್ಟನ್ ಹೇಳುವುದೂ ಉಂಟು. ಆ ಅಂಕಿಗಳನ್ನು ಸುಮ್ಮನೆ ಕೇಳಿ ಬಿಡಬೇಡಿ. ಕರ್ನಾಟಕದ ನಕಾಶೆಯೊಂದನ್ನು ಮಡಚಿ ಜೇಬಿನಲ್ಲಿ ಒಯ್ಯಿರಿ. ಮೇಲೆ ಹೇಳಿದ ಗಂಟೆಗೆ 30 ಕಿಲೋಮೀಟರ್ ವೇಗವನ್ನೂ, ಸಂಜೆ ಐದರ ಹೊರಡುವಿಕೆಯನ್ನೂ ಹಿಡಿದು ನಾನು ನನ್ನ ಎರಡನೆಯ ಪ್ರಯಾಣದಲ್ಲಿ ಲೆಕ್ಕ ಹಾಕುತ್ತಾ ಕುಳಿತಿದ್ದೆ. ಬೆಳಗಾಗುವಾಗ ಹಡಗು ಗೋವಾದ ನೇರಕ್ಕೆ ಬಂದಿರುತ್ತದೆ. ತಿಂಡಿ ಮುಗಿಸಿ ಡೆಕ್ಕಿಗೆ ಬರುವ ಹೊತ್ತಿಗೆ ಕಾರವಾರ. ಮಧ್ಯಾಹ್ನ ಹನ್ನೆರಡಕ್ಕೆ ಅಕ್ಷಾಂಶ 14 ಡಿಗ್ರಿಯ ಆಸುಪಾಸು, ಅಂದರೆ ಭಟ್ಕಳ. ಊಟ ಮಾಡಿ ಒಂದು ನಿದ್ದೆ ತೆಗೆಯುವಷ್ಟರಲ್ಲಿ ಮಲ್ಪೆ. ನಮ್ಮ ರಾಜ್ಯದ ಕರಾವಳಿ 320 ಕಿಲೋಮೀಟರಿನಷ್ಟು ಉದ್ದವೆಂದು ನೀವು ತರಗತಿಯಲ್ಲಿ ಹೇಳಿಕೊಡುವುದನ್ನು, ಅದರ ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ, ಒಂದೇ ಹಗಲಿನಲ್ಲಿ, ದಡವನ್ನು ಕಾಣದೆಯೇ ದಾಟುತ್ತೀರಿ.

ಸಂಜೆ ನಾಲ್ಕರ ಹೊತ್ತಿಗೆ ಮಂಗಳೂರಿನ ನೇರ. ಪುಷ್ಪಗಿರಿಯ ಕಡೆ ಹುಟ್ಟಿದ ಕುಮಾರಧಾರಾ ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಸೇರಿ ಕಡಲಿಗೆ ಬೀಳುವುದು ಅಲ್ಲಿ. ಐದೂವರೆಯ ಸುಮಾರಿಗೆ ಕಾಸರಗೋಡು; ಕೊಡಗಿನ ಕಾಡುಗಳಿಂದ ಇಳಿದ ಪಯಸ್ವಿನಿ ಅಲ್ಲಿ ಚಂದ್ರಗಿರಿ ಎಂಬ ಹೆಸರಿನಲ್ಲಿ ಬಂದು ಮುಗಿಯುತ್ತದೆ. ಎಲ್ಲರೂ ಮುಳುಗುವ ಸೂರ್ಯನ ಫೋಟೋ ತೆಗೆಯಲು ಬಲಬದಿಗೆ ನೆರೆದಿರುವಾಗ ನಾನು ಜನರಿಲ್ಲದ ಎಡಬದಿಗೆ ಹೋಗಿ ನಿಂತೆ. ಕಣ್ಣಿಗೆ ಕಂಡದ್ದು ಮೀನುಗಾರರ ದೋಣಿಗಳ ಎರಡು ದೀಪಗಳು ಮಾತ್ರ. ರಾತ್ರಿಯ ಊಟಕ್ಕೆ ಕರೆಯುವ ಹೊತ್ತಿಗೆ, ಎಂಟು ಗಂಟೆಯ ಸುಮಾರಿಗೆ, ಟಿವಿಯ ನಕಾಶೆಯಲ್ಲಿ ಅಕ್ಷಾಂಶ 12 ಡಿಗ್ರಿಗಿಂತ ಕೆಳಗೆ ಇಳಿದಿತ್ತು. ಬ್ರಹ್ಮಗಿರಿಯಲ್ಲಿ ಹುಟ್ಟಿ, ಮಾಕುಟ್ಟದ ರಸ್ತೆಯ ಬದಿಯಲ್ಲಿ ನಮ್ಮ ಬಸ್ಸುಗಳ ಜೊತೆಗೇ ಇಳಿಯುವ ಬರಪೊಳೆ, ವಳಪಟ್ಟಣಂ ನದಿಯಾಗಿ ಅಳೀಕಲ್ಲಿನಲ್ಲಿ ಕಡಲು ಸೇರುವ ಜಾಗ ಅದು. ಹಡಗಿನಿಂದ ಅದು ಕಾಣುವುದಿಲ್ಲ, ಆದರೆ ನೀವು ನಕಾಶೆ ಒಯ್ದರೆ ಯಾವ ಕಡೆಗೆ ಮುಖ ಮಾಡಿ ನಿಲ್ಲಬೇಕೆಂಬುದು ತಿಳಿಯುತ್ತದೆ.